ಮೃತರ ಹೆಸರಿನಲ್ಲಿ ಎತ್ತಿದ ಸಾಲವೂ ಜಮೀನಿನ ಮೇಲಣ ಋಣಭಾರವೂ

ಬೇಸಾಯಗಾರನು ತನ್ನ ಹೊಲದ ಬದುವನ್ನು ವರ್ಷಕ್ಕೆ ಎರಡು ಬಾರಿಯಾದರೂ ನಡೆದು ನೋಡದೆ ಇರುವುದಿಲ್ಲ. ನೆರೆಯವನ ನೇಗಿಲು ಒಂದು ಮೊಳ ಈಚೆಗೆ ಬಂದಿದ್ದರೂ ಅದು ಅವನ ಕಣ್ಣಿಗೆ ಬೀಳುತ್ತದೆ. ಆದರೆ ಅದೇ ಹೊಲದ ಪಹಣಿಯನ್ನು ತರಿಸಿ, ಅದರ 11ನೆಯ ಅಂಕಣದಲ್ಲಿ ಏನು ಬರೆದಿದೆಯೆಂದು ಓದಿಸಿ ಕೇಳತಕ್ಕ ರೈತರು ವಿರಳ. ಬದುವನ್ನು ಒತ್ತುವವನು ಒಂದು ಸಾಲಿನಷ್ಟು ನೆಲವನ್ನು ಕಸಿಯಬಲ್ಲನು. ಪಹಣಿಯಲ್ಲಿ ಸುಳ್ಳು ಋಣವನ್ನು ಏರಿಸಿದವನಾದರೋ ಇಡೀ ಸರ್ವೆ ನಂಬರನ್ನೇ ಹರಾಜಿಗೆ ತರಬಲ್ಲನು.

ಇಂತಹ ಸುಳ್ಳು ಋಣಗಳಲ್ಲಿ ಅತ್ಯಂತ ಕಷ್ಟಕ್ಕೆ ಈಡುಮಾಡುವುದು ಯಾವುದೆಂದರೆ, ಸತ್ತುಹೋದ ಖಾತೆದಾರನ ಹೆಸರನ್ನೂ ಗುರುತಿನ ಪತ್ರಗಳನ್ನೂ ಬೇರೊಬ್ಬನು ಉಪಯೋಗಿಸಿ ಎತ್ತಿದ ಸಾಲದಿಂದ ಉಂಟಾದ ಋಣಭಾರ. ಬದುಕಿರುವವನ ಹೆಸರಿನಲ್ಲಿ ಮೋಸವಾದರೆ ಅವನೇ ಕಚೇರಿಗೆ ಹೋಗಿ ಈ ಸಹಿಯು ತನ್ನದಲ್ಲವೆಂದು ಹೇಳಬಹುದು. ಸತ್ತವನು ಬಂದು ಹೇಳಲಾರನು. ಅವನ ಪರವಾಗಿ ಹೇಳಬೇಕಾದ ವಾರಸುದಾರರಿಗೆ ಸಂಗತಿಯು ತಿಳಿಯುವ ವೇಳೆಗೆ ಅನೇಕ ವರ್ಷಗಳು ಕಳೆದು, ಬಡ್ಡಿಯು ಬೆಳೆದು, ಸಾಕ್ಷಿಗಳು ಚದುರಿಹೋಗಿರುತ್ತಾರೆ.

ಉದಾಹರಣೆಗಾಗಿ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. 3 ಎಕರೆ 20 ಗುಂಟೆ ಖುಷ್ಕಿ ಜಮೀನು ತಂದೆಯ ಹೆಸರಿನಲ್ಲಿದೆ. ತಂದೆಯು 2016ರ ಕಾರ್ತಿಕ ಮಾಸದಲ್ಲಿ ತೀರಿಕೊಂಡನು. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಉಳಿದರು. ಖಾತೆಯನ್ನು ಬದಲಾಯಿಸುವ ಕೆಲಸವು ಇಂದು ನಾಳೆಯೆಂದು ಎಂಟು ವರ್ಷ ಮುಂದಕ್ಕೆ ಹೋಯಿತು. 2024ರಲ್ಲಿ ಹಿರಿಯ ಮಗನು ಕೊಳವೆ ಬಾವಿಗೆ ಸಾಲ ಕೇಳಲು ಹೋದಾಗ, ಅವನ ತಂದೆಯು 2019ರಲ್ಲಿ ಅದೇ ಜಮೀನನ್ನು ಅಡಮಾನವಿಟ್ಟು 4 ಲಕ್ಷ ರೂಪಾಯಿ ಪಡೆದಿರುವುದಾಗಿ ಪಹಣಿಯು ಹೇಳಿತು. ಮೂರು ವರ್ಷದ ಹಿಂದೆ ಸತ್ತವನು ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದನು! ಹೀಗಾದಾಗ ಆ ಮನೆಯವರು ಏನು ಮಾಡಬೇಕು, ಏನನ್ನು ಮಾಡಕೂಡದು, ಗ್ರಾಮದಲ್ಲಿ ಮುಖಂಡರಾದವರು ಅವರಿಗೆ ಯಾವ ಬಗೆಯಲ್ಲಿ ನೆರವಾಗಬಹುದು ಎಂಬುದನ್ನು ಮುಂದೆ ವಿವರಿಸಿದೆ.

ಮೋಸವು ನಡೆಯುವ ಬಗೆ

ಹಿಂದೆ ಪಟೇಲರೂ ಶಾನುಭೋಗರೂ ಇದ್ದ ಕಾಲದಲ್ಲಿ ಊರಿನಲ್ಲಿ ಯಾರು ಹುಟ್ಟಿದರು, ಯಾರು ಸತ್ತರು ಎಂಬುದು ಅವರಿಗೆ ತಿಳಿಯದೆ ಇರುತ್ತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ಆ ವಂಶಪಾರಂಪರ್ಯ ಹುದ್ದೆಗಳು ಕೊನೆಗಂಡವು. ಆ ವ್ಯವಸ್ಥೆಯ ದೋಷಗಳು ಏನೇ ಇರಲಿ, ಸತ್ತವನ ವೇಷದಲ್ಲಿ ಬಂದವನನ್ನು ಮುಖ ನೋಡಿ ಹಿಡಿಯುವ ಅನುಕೂಲವು ಅದರಲ್ಲಿತ್ತು. 2002ರ ವೇಳೆಗೆ ಭೂಮಿ ಯೋಜನೆಯಂತೆ ಕೈಬರಹದ ಪಹಣಿಗಳು ಹೋಗಿ ಗಣಕಯಂತ್ರದ ಪಹಣಿಗಳು ಬಂದವು. ಇದರಿಂದ ತಿದ್ದುವಿಕೆ, ಕೆರೆಯುವಿಕೆ ಮೊದಲಾದ ಹಳೆಯ ಕೃತ್ರಿಮಗಳು ಬಹುಮಟ್ಟಿಗೆ ತಪ್ಪಿದವು. ಆದರೆ ಯಂತ್ರವು ತನಗೆ ಹೇಳಿದುದನ್ನಷ್ಟೇ ಬಲ್ಲದು. ಖಾತೆದಾರನು ಸತ್ತನೆಂದು ಯಾರೂ ಹೇಳದಿದ್ದರೆ ಅದರ ಪಾಲಿಗೆ ಅವನು ಬದುಕಿಯೇ ಇರುತ್ತಾನೆ.

ಸತ್ತವರ ಹೆಸರಿನಲ್ಲಿ ಬದುಕಿರುವವರು ಹಣ ಎತ್ತುವುದು ಹೊಸ ಸಂಗತಿಯೇನೂ ಅಲ್ಲ. ಬಂಗಾಳದ ಹೂಗ್ಲಿಯಲ್ಲಿ ಮ್ಯಾಜಿಸ್ಟ್ರೇಟರಾಗಿದ್ದ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿಯು 1877ರಲ್ಲಿ ನಿವೃತ್ತಿ ವೇತನ ಪಡೆಯುವವರಿಂದಲೂ ದಸ್ತಾವೇಜು ಬರೆದುಕೊಡುವವರಿಂದಲೂ ಬೆರಳ ಗುರುತನ್ನು ತೆಗೆದುಕೊಳ್ಳುವ ಕ್ರಮವನ್ನು ಜಾರಿಗೆ ತಂದುದಕ್ಕೆ, ವೇತನದಾರನು ಸತ್ತ ಮೇಲೆಯೂ ಇತರರು ಬಂದು ಅವನ ಹಣವನ್ನು ಪಡೆಯುತ್ತಿದ್ದುದೇ ಒಂದು ಕಾರಣ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳ ಗುರುತಿನ ಕಚೇರಿಯು ಸ್ಥಾಪಿತವಾಯಿತು. ಇಂದು ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ಬರೆದುಕೊಡುವವನ ಭಾವಚಿತ್ರವನ್ನೂ ಬೆರಳ ಗುರುತನ್ನೂ ತೆಗೆಯುವುದು ಈ ಪದ್ಧತಿಯ ಮುಂದುವರಿಕೆಯೇ ಆಗಿದೆ. ಮೋಸಗಾರನನ್ನು ಹಿಡಿಯುವುದಕ್ಕೆ ಈ ಗುರುತುಗಳೇ ಮುಖ್ಯ ಸಾಧನವೆಂಬುದು ಮುಂದೆ ಗೊತ್ತಾಗುವುದು.

ಋಣಭಾರವು ಜಮೀನಿನ ಮೇಲೆ ಬೀಳುವ ದಾರಿಗಳು ಹಲವು. ನೋಂದಾಯಿತ ಅಡಮಾನ ಪತ್ರವು ಒಂದು. ಬೆಳೆಸಾಲಕ್ಕಾದರೆ, 1974ರ ಕರ್ನಾಟಕದ ಕೃಷಿ ಸಾಲ ವ್ಯವಹಾರಗಳ ಕಾಯಿದೆಯಂತೆ ರೈತನು ಬ್ಯಾಂಕಿಗೆ ಬರೆದುಕೊಡುವ ಘೋಷಣಾ ಪತ್ರವೇ ಜಮೀನಿನ ಮೇಲೆ ಭಾರವನ್ನು ಉಂಟುಮಾಡುತ್ತದೆ. ಸಹಕಾರ ಸಂಘಗಳಲ್ಲಿಯೂ ಸದಸ್ಯನ ಘೋಷಣೆಯಿಂದ ಇದೇ ಪರಿಣಾಮವಾಗುವುದು. ರೈತನಿಗೆ ಅಡಮಾನದ ತೊಡಕನ್ನೂ ಖರ್ಚನ್ನೂ ತಪ್ಪಿಸುವ ಸದುದ್ದೇಶದಿಂದ ಈ ಸುಲಭ ಕ್ರಮವು ಬಂದಿತು. ಕಳ್ಳನಿಗೂ ಅದು ಸುಲಭವಾಯಿತು. ಇವಲ್ಲದೆ ಮೃತನನ್ನು ಇನ್ನೊಬ್ಬನ ಸಾಲಕ್ಕೆ ಜಾಮೀನುದಾರನನ್ನಾಗಿ ತೋರಿಸುವುದೂ ಉಂಟು. ಸತ್ತವನು ಬದುಕಿರುವನೆಂದು ತೋರಿಸಿ ಅವನ ಮೇಲೆ ದಾವೆ ಹೂಡಿ, ಡಿಕ್ರಿ ಪಡೆದು ಜಪ್ತಿ ತರುವುದೂ ಉಂಟು.

ಈ ಎಲ್ಲಕ್ಕೂ ಬಾಗಿಲು ತೆರೆದಿಡುವುದು ಪೌತಿ ಖಾತೆ ಮಾಡಿಸದಿರುವಿಕೆ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 128ನೆಯ ಪ್ರಕರಣವು, ವಾರಸಾ ಮುಂತಾದ ರೀತಿಯಲ್ಲಿ ಜಮೀನಿನ ಹಕ್ಕು ಪಡೆದವನು ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು ಹೇಳುತ್ತದೆ. ಮೂರು ತಿಂಗಳೇಕೆ, ಮೂವತ್ತು ವರ್ಷವಾದರೂ ಮಾಡದ ಮನೆಗಳು ಎಲ್ಲ ಊರುಗಳಲ್ಲಿಯೂ ಇವೆ. ಕಾರಣವನ್ನು ಕೇಳಿದರೆ ಅಣ್ಣತಮ್ಮಂದಿರಲ್ಲಿ ಪಾಲು ಆಗಿಲ್ಲವೆನ್ನುತ್ತಾರೆ. ಪಾಲಿಗೂ ಪೌತಿಗೂ ಸಂಬಂಧವಿಲ್ಲ. ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಖಾತೆ ಮಾಡಿಸಿ ಪಾಲನ್ನು ಆಮೇಲೆ ಮಾಡಿಕೊಳ್ಳಬಹುದು. ನಿಜವಾದ ಕಾರಣವು ಅನೇಕ ವೇಳೆ ಬೇರೆಯಾಗಿರುತ್ತದೆ. ಪೌತಿ ಮಾಡಿಸಿದರೆ ಅಕ್ಕತಂಗಿಯರ ಹೆಸರನ್ನೂ ಸೇರಿಸಬೇಕಾಗುವುದೆಂಬ ಸಂಕೋಚವೇ ಅದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಬಂದ ತಿದ್ದುಪಡಿಯ ತರುವಾಯ ಪಿತ್ರಾರ್ಜಿತ ಆಸ್ತಿಯಲ್ಲಿಯೂ ಹೆಣ್ಣುಮಕ್ಕಳಿಗೆ ಸಮಭಾಗವುಂಟು. ಒಡಹುಟ್ಟಿದವಳಿಗೆ ಕೊಡಬೇಕಾದ ಒಂದು ಪಾಲನ್ನು ಉಳಿಸಿಕೊಳ್ಳಲು ಹೋಗಿ ಇಡೀ ಜಮೀನನ್ನು ಗುರುತಿಲ್ಲದವನ ಕೈಗೆ ಒಡ್ಡುವುದು ಯಾವ ಲೆಕ್ಕದ ಜಾಣತನವೋ ತಿಳಿಯದು. 2025ರಲ್ಲಿ ಕಂದಾಯ ಇಲಾಖೆಯು ಇ-ಪೌತಿ ಆಂದೋಲನವನ್ನು ನಡೆಸಿತು. ಮುಖಂಡರು ತಮ್ಮ ಊರಿನಲ್ಲಿ ಮೃತರ ಹೆಸರಿನಲ್ಲಿಯೇ ಉಳಿದಿರುವ ಖಾತೆಗಳ ಪಟ್ಟಿಯನ್ನು ಗ್ರಾಮ ಆಡಳಿತ ಅಧಿಕಾರಿಗಳಿಂದ ತಿಳಿದುಕೊಂಡು ಆ ಮನೆಯವರನ್ನು ಎಚ್ಚರಿಸುವುದು ಒಳ್ಳೆಯದು. ಸುಳ್ಳು ಋಣವು ಆಗಲೇ ಏರಿದ್ದರೂ ಅದು ಪೌತಿ ಖಾತೆಗೆ ಅಡ್ಡಿಯಲ್ಲ. ಋಣವನ್ನು ತೆಗೆಸಿದ ಮೇಲೆ ಮಾಡಿಸೋಣವೆಂದು ಕಾಯತಕ್ಕದ್ದಿಲ್ಲ.

ಎರಡು ತಾರೀಖುಗಳು

ಸುಳ್ಳು ಋಣದ ವ್ಯಾಜ್ಯವೆಲ್ಲವೂ ಎರಡು ತಾರೀಖುಗಳ ಮೇಲೆ ನಿಂತಿರುತ್ತದೆ. ಒಂದು, ಖಾತೆದಾರನು ಸತ್ತ ತಾರೀಖು; ಇನ್ನೊಂದು, ಪತ್ರವು ಹುಟ್ಟಿದ ತಾರೀಖು. ಸತ್ತವನು ಕರಾರು ಮಾಡಲಾರನು, ಅಡಮಾನವಿಡಲಾರನು. ಅವನು ಸತ್ತ ಮೇಲೆ ಅವನ ಹೆಸರಿನಲ್ಲಿ ಬರೆದ ಪತ್ರವು ಹುಟ್ಟಿನಿಂದಲೇ ಅಸಿಂಧು. ಅದರಿಂದ ವಾರಸುದಾರರ ಹಕ್ಕಿಗೆ ಕುಂದು ಬರುವುದಿಲ್ಲ. ಸತ್ತವನ ಮೇಲೆ ಹೂಡಿದ ದಾವೆಯಲ್ಲಿ ಆದ ಡಿಕ್ರಿಗೂ ಇದೇ ಗತಿ. ಆದುದರಿಂದ ಮನೆಯವರು ಗಲಾಟೆಗೆ ಹೊರಡುವುದಕ್ಕೆ ಮುಂಚೆ ಈ ಎರಡು ತಾರೀಖುಗಳನ್ನು ಒಂದು ಕಾಗದದಲ್ಲಿ ಬರೆದು ನೋಡಿಕೊಳ್ಳಬೇಕು.

ಹೀಗೆ ನೋಡಿಕೊಂಡಾಗ ಮೂರು ಬಗೆಯ ಪ್ರಸಂಗಗಳು ಕಾಣುತ್ತವೆ. ಸಾಲವನ್ನು ತಂದೆಯೇ ತನ್ನ ಜೀವಿತಕಾಲದಲ್ಲಿ ಪಡೆದಿದ್ದರೆ ಅದು ಮೋಸವಲ್ಲ, ಋಣವೇ ಸರಿ. ಮಕ್ಕಳಿಗೆ ತಿಳಿಸದೆ ಸಾಲ ಮಾಡಿದ ತಂದೆಯರು ಬಹಳ ಮಂದಿ ಇದ್ದಾರೆ. ಅಂತಹ ಸಾಲಕ್ಕೆ ಮೃತನಿಂದ ಬಂದ ಆಸ್ತಿಯ ಮಟ್ಟಿಗೆ ವಾರಸುದಾರರು ಹೊಣೆಯಾಗುತ್ತಾರೆ. ಅದನ್ನು ಖೋಟಾ ಎಂದು ಹೇಳಿ ದಾವೆ ಹೂಡಿದವನು ಖರ್ಚನ್ನು ಕಳೆದುಕೊಳ್ಳುವುದಲ್ಲದೆ ಮಾನವನ್ನೂ ಕಳೆದುಕೊಳ್ಳುತ್ತಾನೆ. ಎರಡನೆಯದು, ಮರಣಾನಂತರ ಪೂರ್ತಿಯಾಗಿ ಸೃಷ್ಟಿಸಿದ ಸಾಲ. ಇದನ್ನು ಕುರಿತು ಅನುಮಾನವಿಲ್ಲ. ಇವೆರಡರ ನಡುವೆ ಬರುವ ಮೂರನೆಯದೇ ತೊಡಕಿನದು. ತಂದೆಯು ಬದುಕಿದ್ದಾಗ 60 ಸಾವಿರ ರೂಪಾಯಿ ಬೆಳೆಸಾಲ ಪಡೆದಿದ್ದನೆಂದು ಇಟ್ಟುಕೊಂಡರೆ, ಅವನು ಸತ್ತ ಮೇಲೆ ಅದನ್ನು ವಸೂಲು ಮಾಡದೆ, ವಾರಸುದಾರರಿಗೆ ನೋಟೀಸನ್ನೂ ಕೊಡದೆ, ವರ್ಷ ವರ್ಷವೂ ಅವನ ಹೆಸರಿನಲ್ಲಿ ಬೇರೆಯವರ ಸಹಿಯಿಂದ ಸಾಲವನ್ನು ನವೀಕರಿಸುತ್ತಾ, ಮೊಬಲಗನ್ನು ಹೆಚ್ಚಿಸುತ್ತಾ ಬರಬಹುದು. ಲೆಕ್ಕದ ಪುಸ್ತಕದಲ್ಲಿ ಬಾಕಿಯು ಕಾಣದಿರಲೆಂದು ಹೀಗೆ ಮಾಡುವವರಿಗೆ ಇದು ಅಪರಾಧವೆಂಬ ಭಾವನೆಯೇ ಇರುವುದಿಲ್ಲ. ಇಲ್ಲಿ ಮೊದಲನೆಯ 60 ಸಾವಿರದ ಸಂಗತಿ ಬೇರೆ, ಮರಣಾನಂತರದ ನವೀಕರಣಗಳ ಸಂಗತಿ ಬೇರೆ. ವಾರಸುದಾರರು ಸಾಲದ ಮೂಲದಿಂದ ತೊಡಗಿ ಪ್ರತಿಯೊಂದು ತಾರೀಖಿನ ಲೆಕ್ಕವನ್ನೂ ಕೇಳಿ ಪಡೆದು, ನಿಜವಾದುದನ್ನು ಒಪ್ಪಿ, ಸುಳ್ಳಾದುದನ್ನು ಮಾತ್ರ ನಿರಾಕರಿಸಬೇಕು. ಎಲ್ಲವನ್ನೂ ಒಟ್ಟಿಗೆ ನಿರಾಕರಿಸುವವನ ನಿಜವಾದ ಮಾತನ್ನೂ ನ್ಯಾಯಾಲಯವು ಸಂಶಯದಿಂದ ನೋಡುವುದು ಸಹಜ.

ಮರಣದ ತಾರೀಖಿಗೆ ಮರಣ ಪ್ರಮಾಣ ಪತ್ರವೇ ಮೊದಲ ಸಾಕ್ಷ್ಯ. ಮರಣವನ್ನು 21 ದಿನಗಳೊಳಗೆ ತಿಳಿಸಿ ನೋಂದಾಯಿಸಬೇಕು. ಒಂದು ವರ್ಷ ಮೀರಿದ ಮೇಲೆ, 1969ರ ಜನನ ಮರಣ ನೋಂದಣಿ ಕಾಯಿದೆ ಮತ್ತು ಅದಕ್ಕೆ 2023ರಲ್ಲಿ ಆದ ತಿದ್ದುಪಡಿಯಂತೆ, ಜಿಲ್ಲಾ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟರ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಸಾಲದ ಸಂಗತಿ ಹೊರಬಿದ್ದ ಮೇಲೆ ಮಾಡಿಸಿದ ನೋಂದಣಿಯನ್ನು ಎದುರುಪಕ್ಷದವರು ಸಾಲ ತಪ್ಪಿಸುವುದಕ್ಕಾಗಿ ಹುಟ್ಟಿಸಿದ್ದೆಂದು ಹೇಳದೆ ಬಿಡುವುದಿಲ್ಲ. ಆದಕಾರಣ ಅದರ ಜೊತೆಗೆ ಆ ಕಾಲದಲ್ಲಿಯೇ ಹುಟ್ಟಿದ ಬೇರೆ ಕಾಗದಗಳನ್ನೂ ಹುಡುಕಬೇಕು. ವಿಧವೆಗೆ ವೇತನ ಮಂಜೂರಾದ ಆದೇಶ, ವಿಮೆಯ ಹಣ ಬಂದ ಪತ್ರ, ಆಸ್ಪತ್ರೆಯ ಚೀಟಿ, ಪಡಿತರ ಚೀಟಿಯಿಂದಲೂ ಮತದಾರರ ಪಟ್ಟಿಯಿಂದಲೂ ಹೆಸರು ತೆಗೆದ ದಾಖಲೆ ಇವುಗಳಲ್ಲಿ ಯಾವುದಾದರೂ ಒಂದು ಮನೆಯಲ್ಲಿ ಸಿಕ್ಕಿಯೇ ಸಿಕ್ಕುವುದು. ಇವುಗಳಲ್ಲಿ ವಿಧವಾ ವೇತನದ ಆದೇಶಕ್ಕೆ ಬೆಲೆ ಹೆಚ್ಚು. ಏಕೆಂದರೆ ಗಂಡನು ಸತ್ತನೆಂದು ಸರ್ಕಾರವೇ ಸಾಲದ ಪತ್ರ ಹುಟ್ಟುವುದಕ್ಕೆ ಮುಂಚೆ ಒಪ್ಪಿಕೊಂಡಂತಾಯಿತು.

ಹೆಸರಿನ ವ್ಯತ್ಯಾಸವನ್ನು ಕಡೆಗಣಿಸಕೂಡದು. ಪಹಣಿಯಲ್ಲಿ ಒಂದು ಹೆಸರು, ಮರಣ ಪತ್ರದಲ್ಲಿ ಮನೆಯಲ್ಲಿ ಕರೆಯುತ್ತಿದ್ದ ಇನ್ನೊಂದು ಹೆಸರು ಇದ್ದರೆ, ಇಬ್ಬರೂ ಒಬ್ಬನೇ ಎಂಬುದನ್ನು ವಂಶವೃಕ್ಷದಿಂದಲೂ ಹಳೆಯ ದಸ್ತಾವೇಜುಗಳಿಂದಲೂ ಮೊದಲೇ ಸ್ಥಿರಪಡಿಸಿಕೊಳ್ಳಬೇಕು. ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವ ನಮ್ಮ ಪದ್ಧತಿಯಿಂದ, ಮೋಸವೇ ಇಲ್ಲದೆ ಒಬ್ಬನ ಸಾಲವು ಇನ್ನೊಬ್ಬನ ಸರ್ವೆ ನಂಬರಿಗೆ ಏರುವುದೂ ಉಂಟು. ಅದು ಅರ್ಜಿಯಿಂದಲೇ ತಿದ್ದಬಹುದಾದ ತಪ್ಪು.

ಪತ್ರಗಳನ್ನು ತರಿಸುವುದು

ಪಹಣಿಯ ಹೊಸ ಪ್ರತಿಯೊಂದನ್ನು ನಾಡಕಚೇರಿಯಿಂದ ತಾರೀಖು ಸಹಿತವಾಗಿ ತೆಗೆಸಿ ಇಟ್ಟುಕೊಳ್ಳಬೇಕು. ಮೋಸವು ಯಾವ ದಿನ ತಿಳಿಯಿತೆಂಬುದಕ್ಕೆ ಮುಂದೆ ಇದೇ ಸಾಕ್ಷಿ. 11ನೆಯ ಅಂಕಣದಲ್ಲಿ ಋಣದ ನಮೂದಿಗೆ ಎದುರಾಗಿ ಕಾಣುವ ಎಂ.ಆರ್. ಸಂಖ್ಯೆಯನ್ನು ಹಿಡಿದು ಹಕ್ಕು ಬದಲಾವಣೆಯ ಕಡತದ ನಕಲನ್ನು ತಾಲ್ಲೂಕು ಕಚೇರಿಯಿಂದ ಕೇಳಬೇಕು. ಸಬ್ ರಿಜಿಸ್ಟ್ರಾರರ ಕಚೇರಿಯಿಂದ ಋಣಭಾರ ಪ್ರಮಾಣ ಪತ್ರವನ್ನು ಮರಣದ ವರ್ಷಕ್ಕಿಂತ ಹಿಂದಿನಿಂದ ತೊಡಗಿ ಇಂದಿನವರೆಗೂ ತೆಗೆಸಬೇಕು. ವ್ಯವಹಾರಗಳಿದ್ದರೆ ಅದು 15ನೆಯ ನಮೂನೆಯಲ್ಲಿಯೂ ಇಲ್ಲದಿದ್ದರೆ 16ನೆಯ ನಮೂನೆಯಲ್ಲಿಯೂ ಬರುವುದು. ನೋಂದಾಯಿತ ಪತ್ರವಿದ್ದಲ್ಲಿ ಅದರ ದೃಢೀಕೃತ ನಕಲನ್ನು ಪಡೆಯಲು 1908ರ ನೋಂದಣಿ ಕಾಯಿದೆಯ 57ನೆಯ ಪ್ರಕರಣದಂತೆ ಯಾರಿಗೂ ಅಧಿಕಾರವುಂಟು. ಬ್ಯಾಂಕಿನಿಂದ ಅಥವಾ ಸಂಘದಿಂದ ಸಾಲದ ಅರ್ಜಿ, ಘೋಷಣಾ ಪತ್ರ, ಭಾವಚಿತ್ರ, ಹಣವು ಯಾವ ಖಾತೆಗೆ ಜಮೆಯಾಗಿ ಯಾರಿಂದ ತೆಗೆಯಲ್ಪಟ್ಟಿತೆಂಬ ವಿವರ ಇವುಗಳನ್ನು ಬರಹದ ಮೂಲಕ ಕೇಳಿ, ಅರ್ಜಿಗೆ ಸ್ವೀಕೃತಿ ಪಡೆಯಬೇಕು. ಬಾಯಿಮಾತಿನಲ್ಲಿ ನಾಲ್ಕು ಸಲ ಕೇಳಿದುದಕ್ಕಿಂತ ಬರಹದಲ್ಲಿ ಒಂದು ಸಲ ಕೇಳಿದುದೇ ಮೇಲು. ಈ ಪತ್ರಗಳು ಕೈಸೇರುವುದಕ್ಕೆ ಮುಂಚೆ ಊರಿನಲ್ಲಿ ಯಾರ ಹೆಸರನ್ನೂ ಎತ್ತಿ ದೂರತಕ್ಕದ್ದಲ್ಲ.

ಪತ್ರವು ಬಂದಾಗ ಅದರಲ್ಲಿನ ಬೆರಳ ಗುರುತನ್ನು ಮೃತನ ನಿಜವಾದ ಗುರುತಿನೊಡನೆ ತಜ್ಞರಿಂದ ಹೋಲಿಸಿ ನೋಡಿಸುವಂತೆ ಪೊಲೀಸರನ್ನು ಅಥವಾ ನ್ಯಾಯಾಲಯವನ್ನು ಕೋರಬಹುದು. ಮೃತನು ಹಿಂದೆ ಜಮೀನು ಕೊಂಡಾಗ, ಮಾರಿದಾಗ, ಪಾಲು ಪತ್ರ ಬರೆದಾಗ ಒತ್ತಿದ ಗುರುತು ಅವೇ ಕಚೇರಿಗಳಲ್ಲಿ ಉಳಿದಿರುತ್ತದೆ. ಸಹಿಯನ್ನು ಅಭ್ಯಾಸಮಾಡಿ ಅನುಕರಿಸಬಹುದು. ಹೆಬ್ಬೆಟ್ಟಿನ ಗೆರೆಗಳನ್ನು ಅನುಕರಿಸುವುದು ಅಷ್ಟು ಸುಲಭವಲ್ಲ. ಬರಹ ಬಲ್ಲವನಾಗಿದ್ದು ಯಾವಾಗಲೂ ಸಹಿ ಹಾಕುತ್ತಿದ್ದವನ ಹೆಸರಿನ ಮುಂದೆ ಹೆಬ್ಬೆಟ್ಟು ಇದ್ದರೆ ಅದೂ ಒಂದು ಸೂಚನೆಯೇ.

ಪತ್ರದ ಹಿಂಬದಿಯಲ್ಲಿ ಗುರುತಿಸುವ ಸಾಕ್ಷಿಗಳ ಹೆಸರುಗಳಿರುತ್ತವೆ. ಈ ವಿಷಯವನ್ನು ಮುಖಂಡರು ವಿಶೇಷವಾಗಿ ಗಮನಿಸಬೇಕು. ‘ಈತನೇ ಇಂತಹವನು, ಈತನನ್ನು ನಾನು ಬಲ್ಲೆನು’ ಎಂದು ಅಧಿಕಾರಿಯ ಮುಂದೆ ಹೇಳಿ ಸಹಿ ಹಾಕುವವನ ಮಾತಿನ ಮೇಲೆಯೇ ನೋಂದಣಿಯು ನಡೆಯುತ್ತದೆ. ಪೇಟೆಗೆ ಹೋದ ದಿನ ಕಚೇರಿಯ ಜಗಲಿಯಲ್ಲಿ ಯಾರೋ ಪರಿಚಿತರು ಕರೆದರೆಂದು, ಒಂದು ಕಾಫಿಯ ದಾಕ್ಷಿಣ್ಯಕ್ಕೆ, ಮುಖವನ್ನೂ ಸರಿಯಾಗಿ ನೋಡದೆ ಗುರುತು ಹೇಳಿ ಬರುವವರುಂಟು. ಬೇರೊಬ್ಬನ ವೇಷದಿಂದ ದಸ್ತಾವೇಜು ಬರೆದುಕೊಡುವುದೂ, ಅದಕ್ಕೆ ತಿಳಿದು ನೆರವಾಗುವುದೂ ನೋಂದಣಿ ಕಾಯಿದೆಯ 82ನೆಯ ಪ್ರಕರಣದಂತೆ ಶಿಕ್ಷಾರ್ಹ. ತಿಳಿಯದೆ ಮಾಡಿದೆನೆಂದು ಹೇಳಿ ಶಿಕ್ಷೆಯಿಂದ ಪಾರಾದರೂ, ಒಂದು ಮನೆಯ ಅನ್ನವನ್ನು ತನ್ನ ಒಂದು ಸಹಿಯಿಂದ ಅಪಾಯಕ್ಕೆ ಒಡ್ಡಿದೆನೆಂಬುದರಿಂದ ಪಾರಾಗಲಾರನು.

ಮಾಡಕೂಡದ ಕೆಲಸಗಳು

ನೋಟೀಸು ಬಂದ ಭಯದಿಂದ ಮನೆಯವರು ಮಾಡುವ ತಪ್ಪುಗಳೇ ಮೋಸಗಾರನಿಗೆ ಸಹಾಯಕವಾಗುತ್ತವೆ. ಪೀಡೆ ತೊಲಗಲೆಂದು ಒಂದು ಕಂತನ್ನು ಕಟ್ಟಿದರೆ ಸಾಲವನ್ನು ಒಪ್ಪಿಕೊಂಡಂತೆ ಅರ್ಥಮಾಡಲು ಎಡೆಯಾಗುತ್ತದೆ. ಒಂದೇ ಗಂಟಿನಲ್ಲಿ ತೀರುವಳಿ ಮಾಡಿದರೆ ಬಡ್ಡಿ ಬಿಡುತ್ತೇವೆಂಬ ಮಾತಿಗೆ ಒಪ್ಪಿ ಸಹಿ ಹಾಕುವುದೂ ಹಾಗೆಯೇ. ವಾರಸುದಾರರ ಹೆಸರಿಗೆ ಸಾಲವನ್ನು ವರ್ಗಾಯಿಸುತ್ತೇವೆ, ಇದು ಬರಿಯ ಪದ್ಧತಿಯ ಕಾಗದವೆಂದು ಯಾರಾದರೂ ಹೇಳಿದರೆ ಆ ಕಾಗದವನ್ನು ವಕೀಲರಿಗೆ ತೋರಿಸದೆ ಮುಟ್ಟಕೂಡದು. 2018ರಲ್ಲಿ ರಾಜ್ಯ ಸರ್ಕಾರವು ಬೆಳೆಸಾಲ ಮನ್ನಾ ಪ್ರಕಟಿಸಿದಂತಹ ಸಂದರ್ಭಗಳಲ್ಲಿ, ಹೇಗೂ ಮನ್ನಾ ಆಗುವುದೆಂದು ಮೃತನ ಹೆಸರಿನ ಸುಳ್ಳು ಸಾಲಕ್ಕೆ ತಾವೇ ಅರ್ಜಿ ಹಾಕುವುದು ಸುಳ್ಳಿಗೆ ತಾವೂ ಸೇರಿದಂತೆ ಆಗುತ್ತದೆ.

ಮೋಸಗಾರನು ಅನೇಕ ವೇಳೆ ಹೊರಗಿನವನಲ್ಲ. ಮೃತನ ಆಧಾರ್ ಚೀಟಿ, ಹಳೆಯ ಕ್ರಯಪತ್ರ, ಪಾಸುಪುಸ್ತಕ ಇವು ಯಾರ ಕೈಗೆ ಎಟಕುತ್ತವೆಯೋ ಅವನೇ ಈ ಕೆಲಸವನ್ನು ಮಾಡಬಲ್ಲನು. ಚಿಕ್ಕಪ್ಪನೋ ದಾಯಾದಿಯೋ ಮನೆಯ ಅಳಿಯನೋ ಹೊರಬಿದ್ದಾಗ ತಾಯಿಯು ಕಣ್ಣೀರಿಟ್ಟು, ಮಾನ ಹೋಗುವುದೆಂದು ಬೇಡಿಕೊಂಡು, ವಿಷಯವು ಪಂಚಾಯಿತಿಗೆ ಬರುತ್ತದೆ. ಹಿರಿಯರು ರಾಜಿ ಮಾಡಿಸುವುದು ತಪ್ಪಲ್ಲ. ಆದರೆ ಆ ರಾಜಿಯಲ್ಲಿ ಹಣ ತಿಂದವನೇ ಹಣವನ್ನು ಕಟ್ಟಬೇಕು, ಜಮೀನು ಋಣದಿಂದ ಬಿಡುಗಡೆಯಾದ ಪತ್ರವು ವಾರಸುದಾರರ ಕೈಗೆ ಬರಬೇಕು, ಮತ್ತು ಬರೆದ ಕಾಗದದಲ್ಲಿ ಸಾಲವನ್ನು ಮೃತನೇ ಮಾಡಿದ್ದನೆಂಬ ಮಾತು ಎಲ್ಲಿಯೂ ಬರಕೂಡದು. ಕಟ್ಟುತ್ತೇನೆಂದು ದೇವರ ಮುಂದೆ ಆಣೆಯಿಟ್ಟು ವರ್ಷಗಳನ್ನು ಕಳೆದವನನ್ನು ನಂಬಿ ಕುಳಿತರೆ ಕಾಲಮಿತಿ ಮೀರಿಹೋಗುವುದು. ಖೋಟಾ ದಸ್ತಾವೇಜಿನ ಅಪರಾಧವು ಊರಿನ ರಾಜಿಯಿಂದ ಕೊನೆಗೊಳ್ಳತಕ್ಕದ್ದಲ್ಲವೆಂಬುದನ್ನೂ ಎಲ್ಲರೂ ತಿಳಿದಿರಬೇಕು.

ಅರ್ಜಿ, ದೂರು ಮತ್ತು ದಾವೆ

ಪತ್ರಗಳು ಸೇರಿದ ಕೂಡಲೆ ಸಾಲ ಕೊಟ್ಟ ಬ್ಯಾಂಕಿಗೆ ಅಥವಾ ಸಂಘಕ್ಕೆ ಎರಡು ತಾರೀಖುಗಳನ್ನೂ ಸ್ಪಷ್ಟವಾಗಿ ಬರೆದು, ಮರಣ ಪತ್ರದ ನಕಲನ್ನು ಲಗತ್ತಿಸಿ, ಸ್ವೀಕೃತಿ ಬರುವಂತೆ ಅಂಚೆಯಲ್ಲಿ ಕಳುಹಿಸಬೇಕು. ದಾಖಲೆಗಳು ಇಷ್ಟು ಸ್ಪಷ್ಟವಾಗಿದ್ದಲ್ಲಿ ಮೇಲಧಿಕಾರಿಗಳು ವಿಚಾರಿಸಿ ಭಾರವನ್ನು ಬಿಡುಗಡೆ ಮಾಡುವ ಸಂಭವವುಂಟು. ಆ ಬಿಡುಗಡೆಯ ಪತ್ರದ ಮೇಲೆ ಪಹಣಿಯ ನಮೂದು ತೆಗೆಯಲ್ಪಡುವುದು. ಬ್ಯಾಂಕು 30 ದಿನಗಳಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಬರೆಯಬಹುದಾದರೂ, ಖೋಟಾ ಹೌದೋ ಅಲ್ಲವೋ ಎಂಬ ಆಳವಾದ ವಿಚಾರಣೆಯನ್ನು ಅವರಿಂದ ನಿರೀಕ್ಷಿಸತಕ್ಕದ್ದಿಲ್ಲ. ಸಹಕಾರ ಸಂಘದ ಸಾಲವಾಗಿ, ಮೃತನು ಅದರ ಸದಸ್ಯನಾಗಿದ್ದರೆ, 1959ರ ಸಹಕಾರ ಸಂಘಗಳ ಕಾಯಿದೆಯ 70ನೆಯ ಪ್ರಕರಣದಂತೆ ವ್ಯಾಜ್ಯವು ನಿಬಂಧಕರ ಮುಂದೆ ಹೋಗುವುದು. ಮೃತನು ಎಂದೂ ಸದಸ್ಯನೇ ಆಗಿರಲಿಲ್ಲವೆಂದಾದರೆ ದಾರಿ ಬೇರೆಯಾಗಬಹುದು. ಇದನ್ನು ವಕೀಲರಿಂದ ತಿಳಿದುಕೊಳ್ಳುವುದು ಮೇಲು.

ಪೊಲೀಸ್ ಠಾಣೆಯಲ್ಲಿ ದೂರನ್ನು ಕೊಡುವುದು ಇದರ ಜೊತೆಗೇ ನಡೆಯಬೇಕು. 2024ರ ಜುಲೈ 1ಕ್ಕೆ ಮುಂಚೆ ನಡೆದ ಕೃತ್ಯಕ್ಕೆ ಹಳೆಯ ದಂಡಸಂಹಿತೆಯ 419, 420, 467, 468, 471ನೆಯ ಪ್ರಕರಣಗಳೂ, ಅಂದಿನಿಂದ ಈಚಿನದಕ್ಕೆ ಭಾರತೀಯ ನ್ಯಾಯ ಸಂಹಿತೆಯ 319, 336, 338, 340 ಮುಂತಾದವೂ ಅನ್ವಯಿಸುತ್ತವೆ. ಮೇಲಿನ ಉದಾಹರಣೆಯ 2019ರ ಪತ್ರವು ಹಳೆಯ ಸಂಹಿತೆಗೆ ಸೇರುವುದು. ಠಾಣೆಯಲ್ಲಿ ದೂರನ್ನು ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ಮುಖ್ಯಾಧಿಕಾರಿಗೆ ಅಂಚೆಯಲ್ಲಿ ಬರೆದು, ಅದರಿಂದಲೂ ಫಲವಾಗದಿದ್ದರೆ ಮ್ಯಾಜಿಸ್ಟ್ರೇಟರನ್ನು ಕೇಳಿಕೊಳ್ಳಬಹುದು. ಆದರೆ ಒಂದು ಮಾತು: ಮೋಸಗಾರನಿಗೆ ಸೆರೆಮನೆಯಾದ ಮಾತ್ರಕ್ಕೆ ಪಹಣಿಯ ನಮೂದು ತಾನಾಗಿ ಅಳಿಸಿಹೋಗುವುದಿಲ್ಲ. ಕ್ರಿಮಿನಲ್ ಮೊಕದ್ದಮೆ ಮುಗಿಯಲೆಂದು ಕಾದು ಸಿವಿಲ್ ದಾವೆಯ ಅವಧಿಯನ್ನು ಕಳೆದುಕೊಳ್ಳಬಾರದು.

ತಹಶೀಲ್ದಾರರ ಬಳಿಗೆ ಹೋಗಿ ‘ಈ ಋಣ ಸುಳ್ಳು, ತೆಗೆದುಹಾಕಿರಿ’ ಎಂದು ಕೇಳಿ ನಿರಾಶರಾಗುವವರು ಬಹಳ. ಪಹಣಿಯ ನಮೂದು ಬೇರೆ ಸಿದ್ಧವಾಗುವವರೆಗೂ ನಿಜವೆಂದೇ ಭಾವಿಸತಕ್ಕದ್ದೆಂದು ಭೂಕಂದಾಯ ಕಾಯಿದೆಯ 133ನೆಯ ಪ್ರಕರಣವು ಹೇಳುತ್ತದೆ. ದಸ್ತಾವೇಜು ಖೋಟಾ ಎಂದು ತೀರ್ಮಾನಿಸುವ ಅಧಿಕಾರವು ಕಂದಾಯ ಕಚೇರಿಗಿಲ್ಲ. ನೋಟೀಸು ಕೊಡದೆ, ಕ್ರಮ ತಪ್ಪಿ ನಮೂದು ಮಾಡಿದ್ದರೆ 136ನೆಯ ಪ್ರಕರಣದಂತೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಮಾಡಿಕೊಳ್ಳಬಹುದು. ಅದಕ್ಕಿಂತ ಮೇಲಾದುದು ಸಿವಿಲ್ ನ್ಯಾಯಾಲಯ. 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 34ನೆಯ ಪ್ರಕರಣದಂತೆ ಪತ್ರವು ತಮ್ಮನ್ನು ಬಂಧಿಸದೆಂಬ ಘೋಷಣೆಯನ್ನೂ, 31ನೆಯದರಂತೆ ಪತ್ರದ ರದ್ದಿಯಾತಿಯನ್ನೂ, ಹರಾಜಾಗದಂತೆ ತಡೆಯಾಜ್ಞೆಯನ್ನೂ ಒಟ್ಟಿಗೆ ಕೋರುವುದು ವಾಡಿಕೆ. ಕಾಲಮಿತಿಯು ಸಾಮಾನ್ಯವಾಗಿ ಮೋಸವು ತಿಳಿದಂದಿನಿಂದ ಮೂರು ವರ್ಷ. ಅಸಿಂಧುವಾದ ಪತ್ರವನ್ನು ರದ್ದುಪಡಿಸಬೇಕಾಗಿಯೇ ಇಲ್ಲವೆಂಬ ವಾದವೂ ಉಂಟು. ಅದನ್ನು ನೆಚ್ಚಿ ಸುಮ್ಮನಿರುವುದು ಕ್ಷೇಮವಲ್ಲ. ವಿಧವೆಯರೇ ಮೊದಲಾಗಿ ಯಾವ ಹೆಂಗಸಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ 1987ರ ಕಾನೂನು ಸೇವೆಗಳ ಕಾಯಿದೆಯಂತೆ ತಾಲ್ಲೂಕು ಸಮಿತಿಯ ಮೂಲಕ ಖರ್ಚಿಲ್ಲದೆ ವಕೀಲರು ದೊರೆಯುವರು.

ಹರಾಜಿನ ನೋಟೀಸು ಬಂದೇಬಿಟ್ಟಿದ್ದರೆ ವಿಳಂಬವೇ ಕೂಡದು. ವ್ಯವಸಾಯದ ಜಮೀನಿನ ಮೇಲೆ 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ನೇರವಾಗಿ ಕೈಹಾಕುವಂತಿಲ್ಲ. ಅದರ 31ನೆಯ ಪ್ರಕರಣವು ಅಂತಹ ಜಮೀನನ್ನು ಹೊರತುಪಡಿಸಿದೆ. ನಿವೇಶನಕ್ಕಾಗಿ ಪರಿವರ್ತನೆಯಾದ ಭೂಮಿಗೆ ಈ ರಕ್ಷಣೆಯಿಲ್ಲ; ಆಗ ಬ್ಯಾಂಕಿನ ಕ್ರಮದ ವಿರುದ್ಧ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಲಿಗೆ ಹೋಗಬೇಕು. ಸಿವಿಲ್ ಡಿಕ್ರಿಯ ಜಪ್ತಿಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ 58ನೆಯ ನಿಯಮದಂತೆ ಹಕ್ಕುದಾರಿಕೆಯ ಅರ್ಜಿಯನ್ನು ಹರಾಜಿಗೆ ಮುಂಚೆಯೇ ಹಾಕಬೇಕು.

ದಸ್ತಾವೇಜು ರದ್ದಾಯಿತೆಂದು ತೀರ್ಪಾದಾಗ, ಪತ್ರವು ನೋಂದಾಯಿತವಾಗಿದ್ದರೆ, ನ್ಯಾಯಾಲಯವು ಡಿಕ್ರಿಯ ಪ್ರತಿಯನ್ನು ನೋಂದಣಾಧಿಕಾರಿಗೆ ಕಳುಹಿಸಬೇಕೆಂದೂ, ಅವರು ತಮ್ಮ ಪುಸ್ತಕದಲ್ಲಿ ರದ್ದಾದ ಸಂಗತಿಯನ್ನು ಗುರುತುಮಾಡಬೇಕೆಂದೂ ಮೇಲೆ ಹೇಳಿದ 31ನೆಯ ಪ್ರಕರಣದಲ್ಲಿಯೇ ವಿಧಿಸಿದೆ. ಇದು ನಡೆಯಿತೇ ಇಲ್ಲವೇ ಎಂಬುದನ್ನು ವಾರಸುದಾರರು ತಾವೇ ಹೋಗಿ ವಿಚಾರಿಸಬೇಕು. ಗೆದ್ದ ಸಂತೋಷದಲ್ಲಿ ಇದನ್ನು ಮರೆತು, ಹತ್ತು ವರ್ಷದ ಮೇಲೆ ಮಗಳ ಮದುವೆಗೆಂದು ನಾಲ್ಕು ಗುಂಟೆ ಮಾರಲು ಹೊರಟಾಗ, ಋಣಭಾರ ಪತ್ರದಲ್ಲಿ ಅದೇ ಹಳೆಯ ಅಡಮಾನವು ಎದ್ದು ನಿಂತರೆ ಕೊಳ್ಳುವವನು ಹಿಂದೆಗೆಯುವನು. ಡಿಕ್ರಿಯ ಇನ್ನೊಂದು ದೃಢೀಕೃತ ಪ್ರತಿಯನ್ನು ತಹಶೀಲ್ದಾರರಿಗೆ ಅರ್ಜಿಯೊಡನೆ ಕೊಟ್ಟು, 11ನೆಯ ಅಂಕಣದ ನಮೂದು ಹೋದ ಬಳಿಕ ಹೊಸ ಪಹಣಿಯನ್ನೂ ಹೊಸ ಋಣಭಾರ ಪತ್ರವನ್ನೂ ತೆಗೆಸಿ, ಡಿಕ್ರಿಯ ಮೂಲ ನಕಲು ಹಾಗೂ ಮರಣ ಪತ್ರದೊಡನೆ ಒಂದೇ ಕಟ್ಟಿನಲ್ಲಿ ಕಟ್ಟಿ ಜಮೀನಿನ ಕಾಗದಗಳ ಜೊತೆಗೆ ಇಡತಕ್ಕದ್ದು.